ಲಿಪಿಡ್ ರಿಪೋರ್ಟಿನ ಅನುಪಾತಗಳು: ಯಾವ ಪ್ರಶ್ನೆಗೆ ಯಾವುದನ್ನು ನೋಡಬೇಕು?

ಲಿಪಿಡ್ ಪ್ರೊಫೈಲ್ ಮಾಡಿಸಿದವರ ಕೈಗೆ ಬರುವ ಹಾಳೆಯಲ್ಲಿ ಎಂಟೋ ಹತ್ತೋ ಸಾಲುಗಳಿರುತ್ತವೆ. ಆದರೆ ರಕ್ತದಲ್ಲಿ ನಿಜವಾಗಿ ಅಳೆದದ್ದು ಹೆಚ್ಚಿನ ಲ್ಯಾಬ್‌ಗಳಲ್ಲಿ ಮೂರನ್ನೇ: ಒಟ್ಟು ಕೊಲೆಸ್ಟೆರಾಲ್, ಟ್ರೈಗ್ಲಿಸರೈಡ್ (ರಕ್ತದಲ್ಲಿ ಓಡಾಡುವ ಕೊಬ್ಬು) ಮತ್ತು ‘ಒಳ್ಳೆಯ ಕೊಲೆಸ್ಟೆರಾಲ್’ ಎಂದು ಕರೆಯುವ ಎಚ್‌ಡಿಎಲ್. ಉಳಿದವು ಈ ಮೂರನ್ನು ಕಳೆದು, ಭಾಗಿಸಿ ಬರೆದವು. ಅನುಮಾನವಿದ್ದರೆ ವಿಎಲ್‌ಡಿಎಲ್ ಎಂಬ ಸಾಲನ್ನು ನೋಡಿ. ಟ್ರೈಗ್ಲಿಸರೈಡನ್ನು ಐದರಿಂದ ಭಾಗಿಸಿದರೆ ಬರುವ ಅಂಕಿಯೇ ಅಲ್ಲಿ ಕುಳಿತಿರುತ್ತದೆ. ‘ಕೆಟ್ಟ ಕೊಲೆಸ್ಟೆರಾಲ್’ ಎನ್ನುವ ಎಲ್‌ಡಿಎಲ್ ಕೂಡ ಬಹಳ ಕಡೆ 1972ರ ಫ್ರೀಡ್‌ವಾಲ್ಡ್ ಸೂತ್ರದ ಕೂಸು: ಒಟ್ಟು ಕೊಲೆಸ್ಟೆರಾಲಿನಿಂದ ಎಚ್‌ಡಿಎಲ್ ಕಳೆಯಿರಿ, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯಿರಿ, ಉಳಿದದ್ದು ಎಲ್‌ಡಿಎಲ್. ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರ ಕೆಲಸಕ್ಕೆ ಬಾರದು. ಎಲ್‌ಡಿಎಲನ್ನು ನೇರವಾಗಿ ಅಳೆಯುವ ಲ್ಯಾಬ್‌ಗಳೂ ಇವೆ. ಹಾಗಿದ್ದರೆ ಹಾಳೆಯಲ್ಲಿ ‘ಡೈರೆಕ್ಟ್’ ಎಂದು ನಮೂದಿಸಿರುತ್ತಾರೆ.

ಅನುಪಾತಗಳ ಗೊಂದಲ ಶುರುವಾಗುವುದು ಇದಾದ ಮೇಲೆ. ಒಂದು ಲ್ಯಾಬ್ ಒಟ್ಟು ಕೊಲೆಸ್ಟೆರಾಲ್ ಮತ್ತು ಎಚ್‌ಡಿಎಲ್ ಅನುಪಾತ ಕೊಡುತ್ತದೆ, ಇನ್ನೊಂದು ಎಲ್‌ಡಿಎಲ್ ಮತ್ತು ಎಚ್‌ಡಿಎಲ್ ಅನುಪಾತ ಕೊಡುತ್ತದೆ, ಮತ್ತೊಂದು ಅದನ್ನೇ ತಲೆಕೆಳಗಾಗಿಸಿ ಎಚ್‌ಡಿಎಲ್ ಮೇಲೆ, ಎಲ್‌ಡಿಎಲ್ ಕೆಳಗೆ ಇಟ್ಟು ಮುದ್ರಿಸುತ್ತದೆ. ಮೊದಲೆರಡರಲ್ಲಿ ಅಂಕಿ ಕಡಿಮೆಯಿದ್ದಷ್ಟೂ ಒಳ್ಳೆಯದು, ಮೂರನೆಯದರಲ್ಲಿ ಹೆಚ್ಚಿದ್ದಷ್ಟೂ ಒಳ್ಳೆಯದು. ಎರಡು ಲ್ಯಾಬ್‌ಗಳ ರಿಪೋರ್ಟನ್ನು ಪಕ್ಕಪಕ್ಕ ಇಟ್ಟುಕೊಂಡು ಗಾಬರಿಯಾಗುವವರು ಮೊದಲು ಯಾವುದನ್ನು ಯಾವುದರಿಂದ ಭಾಗಿಸಿದ್ದಾರೆ ಎಂದು ಓದಿಕೊಳ್ಳುವುದು ಒಳ್ಳೆಯದು.

ಇವುಗಳಲ್ಲಿ ಯಾವುದು ಶ್ರೇಷ್ಠ ಎಂದು ಕೇಳುವುದೇ ತಪ್ಪು ದಾರಿ. ಲಿಪಿಡ್ ರಿಪೋರ್ಟಿಗೆ ನಾವು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಕೇಳಬಹುದು. ಒಂದು, ನನ್ನ ದೇಹ ಉಂಡದ್ದನ್ನು ಸರಿಯಾಗಿ ನಿಭಾಯಿಸುತ್ತಿದೆಯೇ, ಇನ್ಸುಲಿನ್ ಮಾತನ್ನು ಕೇಳುತ್ತಿದೆಯೇ? ಇದು ಚಯಾಪಚಯದ ಪ್ರಶ್ನೆ. ಎರಡು, ರಕ್ತನಾಳದ ಗೋಡೆಯೊಳಗೆ ಸೇರಿಕೊಳ್ಳುವ ಕೊಲೆಸ್ಟೆರಾಲ್ ಕಣಗಳು ನನ್ನ ರಕ್ತದಲ್ಲಿ ಎಷ್ಟಿವೆ? ಇದು ಹೃದಯದ ಪ್ರಶ್ನೆ. ಒಂದರ ಉತ್ತರವನ್ನು ಇನ್ನೊಂದಕ್ಕೆ ಅಂಟಿಸಿದಾಗಲೇ ಅನಾಹುತವಾಗುವುದು.

ಎರಡು ಕಾಲ್ಪನಿಕ ರಿಪೋರ್ಟುಗಳನ್ನು ಇಟ್ಟುಕೊಂಡು ನೋಡೋಣ. ಮೊದಲನೆಯದು 42 ವರ್ಷದ ಪುರುಷರದ್ದು. ನೋಡಲು ದಪ್ಪವಲ್ಲ, ಆದರೆ ಅಂಗಿಯ ಹೊಟ್ಟೆಯ ಗುಂಡಿ ಬಿಗಿಯಾಗುತ್ತಿದೆ. ಎರಡನೆಯದು 51 ವರ್ಷದ ಮಹಿಳೆಯದು. ಅಳತೆಗಳೆಲ್ಲ ಡೆಸಿಲೀಟರ್‌ಗೆ ಮಿಲಿಗ್ರಾಂ ಲೆಕ್ಕದಲ್ಲಿ.

| | ಮೊದಲನೆಯವರು | ಎರಡನೆಯವರು |
|---|---|---|
| ಒಟ್ಟು ಕೊಲೆಸ್ಟೆರಾಲ್ | 188 | 262 |
| ಟ್ರೈಗ್ಲಿಸರೈಡ್ | 210 | 85 |
| ಎಚ್‌ಡಿಎಲ್ | 34 | 62 |
| ಎಲ್‌ಡಿಎಲ್ (ಸೂತ್ರದಿಂದ) | 112 | 183 |
| ಖಾಲಿ ಹೊಟ್ಟೆಯ ಸಕ್ಕರೆ | 102 | 88 |
| ಒಟ್ಟು ÷ ಎಚ್‌ಡಿಎಲ್ | 5.5 | 4.2 |
| ಎಲ್‌ಡಿಎಲ್ ÷ ಎಚ್‌ಡಿಎಲ್ | 3.3 | 3.0 |
| ಟ್ರೈಗ್ಲಿಸರೈಡ್ ÷ ಎಚ್‌ಡಿಎಲ್ | 6.2 | 1.4 |
| ಒಟ್ಟು − ಎಚ್‌ಡಿಎಲ್ | 154 | 200 |

‘ಕೊಲೆಸ್ಟೆರಾಲ್ 200ರೊಳಗಿದೆ’ ಎಂದು ಮೊದಲನೆಯವರನ್ನು ನಿಶ್ಚಿಂತೆಯಿಂದ ಮನೆಗೆ ಕಳುಹಿಸುವುದು, 262 ಕಂಡು ಎರಡನೆಯವರನ್ನು ಮಾತ್ರ ಗದರುವುದು ನಮ್ಮಲ್ಲಿ ಬಹಳ ಸಾಮಾನ್ಯ. ನಿಜದಲ್ಲಿ ಇಬ್ಬರಿಗೂ ತೊಂದರೆಯಿದೆ, ಬೇರೆ ಬೇರೆ ತೊಂದರೆ.

ಟ್ರೈಗ್ಲಿಸರೈಡ್ ÷ ಎಚ್‌ಡಿಎಲ್

ಚಯಾಪಚಯದ ಪ್ರಶ್ನೆಗೆ ಈ ಪಟ್ಟಿಯಲ್ಲಿ ಚೆನ್ನಾಗಿ ಉತ್ತರಿಸುವುದು ಇದೇ. ಅದಕ್ಕೆ ಕಾರಣ ಯಕೃತ್ತಿನಲ್ಲಿದೆ. ಇನ್ಸುಲಿನ್ ಸರಿಯಾಗಿ ನಾಟುತ್ತಿದ್ದರೆ ಕೊಬ್ಬಿನ ಕೋಶಗಳು ತಮ್ಮ ದಾಸ್ತಾನನ್ನು ಬಿಗಿಹಿಡಿದಿರುತ್ತವೆ. ಇನ್ಸುಲಿನ್ ಪ್ರತಿರೋಧ, ಅಂದರೆ ದೇಹ ಇನ್ಸುಲಿನ್ ಮಾತು ಕೇಳದ ಸ್ಥಿತಿ, ಬಂದಾಗ ಆ ಹಿಡಿತ ಸಡಿಲಿ ಕೊಬ್ಬಿನಾಮ್ಲಗಳು ರಕ್ತಕ್ಕೆ ಸೋರುತ್ತವೆ. ಯಕೃತ್ತು ಅವನ್ನು ಟ್ರೈಗ್ಲಿಸರೈಡ್ ಮಾಡಿ, ವಿಎಲ್‌ಡಿಎಲ್ ಕಣಗಳಲ್ಲಿ ತುಂಬಿ ಹೊರಗೆ ಕಳುಹಿಸುತ್ತದೆ. ರಕ್ತದಲ್ಲಿ ಸಿಇಟಿಪಿ ಎಂಬ ಪ್ರೋಟೀನೊಂದು ವಿನಿಮಯ ನಡೆಸುತ್ತಿರುತ್ತದೆ: ವಿಎಲ್‌ಡಿಎಲ್‌ನಲ್ಲಿರುವ ಟ್ರೈಗ್ಲಿಸರೈಡನ್ನು ಎಚ್‌ಡಿಎಲ್‌ಗೂ ಎಲ್‌ಡಿಎಲ್‌ಗೂ ದಾಟಿಸಿ, ಬದಲಿಗೆ ಕೊಲೆಸ್ಟೆರಾಲನ್ನು ಈಚೆ ತರುತ್ತದೆ. ಟ್ರೈಗ್ಲಿಸರೈಡ್ ತುಂಬಿಕೊಂಡ ಎಚ್‌ಡಿಎಲ್ ಬೇಗ ಕರಗಿ, ಅದರ ಪ್ರೋಟೀನ್ ಮೂತ್ರಪಿಂಡದ ದಾರಿ ಹಿಡಿಯುತ್ತದೆ. ಎಲ್‌ಡಿಎಲ್ ಕಣಗಳು ಚಿಕ್ಕದಾಗಿ, ಸಾಂದ್ರವಾಗುತ್ತವೆ. ಹೀಗೆ ಒಂದೇ ಬೇರಿನ ರೋಗ ಮೇಲಿನ ಅಂಕಿಯನ್ನು ಏರಿಸುತ್ತದೆ, ಕೆಳಗಿನ ಅಂಕಿಯನ್ನು ಇಳಿಸುತ್ತದೆ. ಭಾಗಿಸಿದಾಗ ವ್ಯತ್ಯಾಸ ಎದ್ದು ಕಾಣುತ್ತದೆ.

ಸ್ಟ್ಯಾನ್‌ಫರ್ಡ್‌ನ ಜೆರಾಲ್ಡ್ ರೀವನ್ 1988ರಲ್ಲಿ ಒಟ್ಟಿಗೆ ಬರುವ ಇಂಥ ತೊಂದರೆಗಳ ಇಡೀ ಗುಂಪಿಗೆ ‘ಸಿಂಡ್ರೋಮ್ ಎಕ್ಸ್’ ಎಂದು ಹೆಸರಿಟ್ಟವರು. 2003ರಲ್ಲಿ ಅವರ ತಂಡ ತೂಕ ಹೆಚ್ಚಿರುವವರಲ್ಲಿ ಇನ್ಸುಲಿನ್ ಪ್ರತಿರೋಧವನ್ನು ನೇರವಾಗಿ ಅಳೆದು ನೋಡಿ, ಈ ಅನುಪಾತ 3 ದಾಟಿದರೆ ಸಂಶಯಪಡಬಹುದು ಎಂದಿತು. ಎಲ್ಲರ ಬಾಯಲ್ಲೂ ಓಡಾಡುವ 3 ಎಂಬ ಅಂಕಿ ಅಲ್ಲಿಂದ ಬಂದದ್ದು. ಅದು ರೋಗನಿರ್ಣಯದ ಗೆರೆಯಲ್ಲ. ಮಹಿಳೆಯರಿಗೆ 2.5, ಪುರುಷರಿಗೆ 3.5 ಎಂದು ಪ್ರತ್ಯೇಕ ಗೆರೆ ಎಳೆಯುವವರೂ ಇದ್ದಾರೆ. ಆಫ್ರಿಕಾ ಮೂಲದ ಅಮೆರಿಕನ್ನರಲ್ಲಿ ಇನ್ಸುಲಿನ್ ಪ್ರತಿರೋಧವಿದ್ದರೂ ಟ್ರೈಗ್ಲಿಸರೈಡ್ ಅಷ್ಟಾಗಿ ಏರದ ಕಾರಣ ಅವರಲ್ಲಿ ಈ ಅನುಪಾತ ಕೈಕೊಡುತ್ತದೆ. ನಾನು ನೋಡುವುದು ಹೀಗೆ: 2ರೊಳಗೆ ನೆಮ್ಮದಿ, 2ರಿಂದ 3ರ ನಡುವೆ ಎಚ್ಚರ, 3ರ ಮೇಲೆ ಹೋದರೆ ಸೊಂಟದ ಅಳತೆ, ಬಿಪಿ, ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಪರೀಕ್ಷೆ) ಮೂರನ್ನೂ ಪಕ್ಕಕ್ಕಿಟ್ಟುಕೊಂಡು ವೈದ್ಯರ ಬಳಿ ಮಾತು.

ನಮ್ಮ ದೇಶದವರಿಗೆ ಇದು ವಿಶೇಷವಾಗಿ ಒಪ್ಪುವ ಅಳತೆ ಎನ್ನಲು ಕಾರಣಗಳಿವೆ. ಸಕ್ಕರೆ ಕಾಯಿಲೆಯ ಬಗ್ಗೆ ದೇಶದಲ್ಲಿ ನಡೆದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ 2014ರ ವರದಿಯಲ್ಲಿ ಪರೀಕ್ಷಿಸಿದವರ ಪೈಕಿ ಶೇ 72.3ರಷ್ಟು ಮಂದಿಗೆ ಎಚ್‌ಡಿಎಲ್ ಕಡಿಮೆಯಿತ್ತು, ಶೇ 29.5ರಷ್ಟು ಮಂದಿಗೆ ಟ್ರೈಗ್ಲಿಸರೈಡ್ ಹೆಚ್ಚಿತ್ತು. ಎಲ್‌ಡಿಎಲ್ ಹೆಚ್ಚಿದ್ದವರು ಶೇ 11.8 ಮಾತ್ರ. ಅಂದರೆ ನಮ್ಮವರ ಲಿಪಿಡ್ ಕೆಡುವ ರೀತಿಯೇ ಮೇಲಿನ ಮೊದಲ ರಿಪೋರ್ಟಿನ ರೀತಿ. ಜೊತೆಗೆ ತೂಕದ ಯಂತ್ರ ನಮಗೆ ಸತ್ಯ ಹೇಳುವುದಿಲ್ಲ. ಪುಣೆಯ ಕೆಇಎಂ ಆಸ್ಪತ್ರೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟಿಷ್ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರದೇ ಚಿತ್ರವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಕೂಡ 22.3. ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ದೇಹದಲ್ಲಿ ಶೇ 21.2! ತೆಳ್ಳಗೆ ಕಾಣುವ ಭಾರತೀಯನೊಳಗೆ ಅಡಗಿರುವ ಬೊಜ್ಜನ್ನು ತೋರಿಸಲು ಆ ಒಂದು ಫೋಟೋ ಸಾಕಾಯಿತು. ಬಿಎಂಐ ಸರಿಯಿದೆ ಎಂಬ ಸಮಾಧಾನದಲ್ಲಿರುವವರ ಟ್ರೈಗ್ಲಿಸರೈಡ್-ಎಚ್‌ಡಿಎಲ್ ಅನುಪಾತ ಕೆಲವೊಮ್ಮೆ ಸಕ್ಕರೆ ಏರುವುದಕ್ಕೆ ವರ್ಷಗಳ ಮೊದಲೇ ಬಾಯಿಬಿಡುತ್ತದೆ.

ದೋಷವೂ ಇದೆ. ಟ್ರೈಗ್ಲಿಸರೈಡ್ 90, ಎಚ್‌ಡಿಎಲ್ 30 ಇದ್ದರೂ ಉತ್ತರ 3. ಟ್ರೈಗ್ಲಿಸರೈಡ್ 180, ಎಚ್‌ಡಿಎಲ್ 60 ಇದ್ದರೂ ಉತ್ತರ 3. ಇಬ್ಬರ ಕಥೆ ಒಂದೇ ಅಲ್ಲ. ಎರಡನೆಯವರು ದಿನವೂ ಕುಡಿಯುವವರಾಗಿರಬಹುದು. ಮದ್ಯ ಟ್ರೈಗ್ಲಿಸರೈಡನ್ನೂ ಎಚ್‌ಡಿಎಲನ್ನೂ ಒಟ್ಟಿಗೆ ಏರಿಸುವುದರಿಂದ ಅನುಪಾತ ತಕ್ಕಮಟ್ಟಿಗೆ ಸಭ್ಯವಾಗಿಯೇ ಕಾಣುತ್ತದೆ. ಆದ್ದರಿಂದ ಭಾಗಿಸುವ ಮುನ್ನ ಬಿಡಿ ಅಂಕಿಗಳನ್ನು ನೋಡಿ: ಟ್ರೈಗ್ಲಿಸರೈಡ್ 150ರೊಳಗಿದೆಯೇ, ಎಚ್‌ಡಿಎಲ್ ಗಂಡಸರಿಗೆ 40, ಹೆಂಗಸರಿಗೆ 50 ದಾಟಿದೆಯೇ ಎಂದು.

ವಿದೇಶದಲ್ಲಿರುವವರಿಗೆ ಒಂದು ಮಾತು. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದ ರಿಪೋರ್ಟುಗಳು ಲೀಟರ್‌ಗೆ ಮಿಲಿಮೋಲ್ ಲೆಕ್ಕದಲ್ಲಿರುತ್ತವೆ. ಟ್ರೈಗ್ಲಿಸರೈಡಿನ ಮತ್ತು ಕೊಲೆಸ್ಟೆರಾಲಿನ ಪರಿವರ್ತನೆಯ ಅಂಕಿ ಬೇರೆ ಬೇರೆಯಾದ್ದರಿಂದ ಈ ಅನುಪಾತವೂ ಬದಲಾಗುತ್ತದೆ: ಇಲ್ಲಿಯ 3 ಅಲ್ಲಿ ಸುಮಾರು 1.3. ಮೆಲ್ಬರ್ನ್‌ನಲ್ಲಿರುವ ಮಗಳು ತನ್ನ 1.8 ನೋಡಿ ‘ಅಪ್ಪನಿಗಿಂತ ನನ್ನದೇ ವಾಸಿ’ ಎಂದುಕೊಂಡರೆ ಅದು ತಪ್ಪು ಲೆಕ್ಕ. ಇಲ್ಲಿಯ ಅಳತೆಯಲ್ಲಿ ಅದು 4 ದಾಟಿರುತ್ತದೆ. ಒಟ್ಟು ಕೊಲೆಸ್ಟೆರಾಲ್-ಎಚ್‌ಡಿಎಲ್ ಅನುಪಾತಕ್ಕೆ ಈ ತಾಪತ್ರಯವಿಲ್ಲ.

ಅದರ ಅಣ್ಣತಮ್ಮಂದಿರು

ಎಐಪಿ ಎಂಬ ಸೂಚ್ಯಂಕ ಕೆಲವು ದುಬಾರಿ ಪ್ಯಾಕೇಜುಗಳಲ್ಲಿ ಕಾಣಿಸುತ್ತದೆ. ಇದು ಟ್ರೈಗ್ಲಿಸರೈಡ್-ಎಚ್‌ಡಿಎಲ್ ಅನುಪಾತವನ್ನೇ ಮಿಲಿಮೋಲ್‌ಗೆ ಬದಲಾಯಿಸಿ ಲಾಗರಿದಮ್ ತೆಗೆದದ್ದು. 0.11ರೊಳಗೆ ಕಡಿಮೆ ಅಪಾಯ, 0.21ರ ಮೇಲೆ ಹೆಚ್ಚು ಎನ್ನುವುದು ರೂಢಿ. ಮೊದಲ ರಿಪೋರ್ಟಿಗೆ ಇದು 0.43, ಎರಡನೆಯದಕ್ಕೆ ಮೈನಸ್ 0.22. ಸಂಶೋಧನೆಗೆ ಅನುಕೂಲ, ಮನೆಯವರಿಗೆ ಹೊಸದಾಗಿ ಏನನ್ನೂ ಹೇಳುವುದಿಲ್ಲ. ಇದಕ್ಕಾಗಿ ಹೆಚ್ಚು ಹಣ ಕೊಡಬೇಡಿ.

ಟಿವೈಜಿ ಸೂಚ್ಯಂಕ ಮಾತ್ರ ಗಮನಕ್ಕೆ ಅರ್ಹ. ಮೆಕ್ಸಿಕೊದ ಸಂಶೋಧಕರು 2008ರಲ್ಲಿ ಮುಂದಿಟ್ಟ ಈ ಲೆಕ್ಕದಲ್ಲಿ ಎಚ್‌ಡಿಎಲ್ ಬೇಕಿಲ್ಲ. ಖಾಲಿ ಹೊಟ್ಟೆಯ ಟ್ರೈಗ್ಲಿಸರೈಡನ್ನು ಖಾಲಿ ಹೊಟ್ಟೆಯ ಸಕ್ಕರೆಯಿಂದ ಗುಣಿಸಿ, ಅರ್ಧ ಮಾಡಿ, ಸ್ವಾಭಾವಿಕ ಲಾಗರಿದಮ್ ತೆಗೆಯಬೇಕು. ಮೊಬೈಲಿನ ಕ್ಯಾಲ್ಕುಲೇಟರನ್ನು ಅಡ್ಡ ಹಿಡಿದರೆ ಎಲ್‌ಎನ್ ಗುಂಡಿ ಸಿಗುತ್ತದೆ. ಮೊದಲನೆಯವರಿಗೆ 9.28, ಎರಡನೆಯವರಿಗೆ 8.23. ಟ್ರೈಗ್ಲಿಸರೈಡ್ 150, ಸಕ್ಕರೆ 100 ಎಂಬ ಗಡಿಯ ಮೇಲೆ ನಿಂತವರಿಗೆ 8.92 ಬರುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ತಮ್ಮದು ಎಲ್ಲಿದೆ ಎಂದು ಅಂದಾಜಾಗುತ್ತದೆ. ಲಾಗರಿದಮ್ ತೆಗೆದ ಮೇಲೆ ಅರ್ಧ ಮಾಡುವ ಇನ್ನೊಂದು ಪದ್ಧತಿಯೂ ಪ್ರಬಂಧಗಳಲ್ಲಿದೆ. ಅದರಲ್ಲಿ ಉತ್ತರ 4ರ ಮೇಲೆ ಬರುತ್ತದೆ. ಒಂದರ ಉತ್ತರವನ್ನು ಇನ್ನೊಂದರ ಗೆರೆಗೆ ಹೋಲಿಸಬೇಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿರುವವರಿಗೆ ಈ ಸೂಚ್ಯಂಕ ಅಷ್ಟು ನೆಚ್ಚಿಕೊಳ್ಳುವಂಥದ್ದಲ್ಲ, ಏಕೆಂದರೆ ಸಕ್ಕರೆಯ ಅಂಕಿ ಔಷಧದ್ದು, ದೇಹದ್ದಲ್ಲ.

ಟ್ರೈಗ್ಲಿಸರೈಡ್-ಎಚ್‌ಡಿಎಲ್ ಅನುಪಾತ, ಟಿವೈಜಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವುದಾದರೆ? ಎಚ್‌ಡಿಎಲ್ ಹುಟ್ಟಿನಿಂದಲೇ ಕಡಿಮೆಯಿರುವ ಮನೆತನದವರಿಗೆ, ಮತ್ತು ಖಾಲಿ ಹೊಟ್ಟೆಯ ಸಕ್ಕರೆ 95, 98 ಎಂದು ಗಡಿಯ ಸುತ್ತ ಸುಳಿದಾಡುವವರಿಗೆ ಟಿವೈಜಿ ವಾಸಿ. ಉಳಿದವರಿಗೆ ಸರಳ ಭಾಗಾಕಾರವೇ ಸಾಕು.

ಒಟ್ಟು ÷ ಎಚ್‌ಡಿಎಲ್, ಎಲ್‌ಡಿಎಲ್ ÷ ಎಚ್‌ಡಿಎಲ್

ಒಟ್ಟು ಕೊಲೆಸ್ಟೆರಾಲ್-ಎಚ್‌ಡಿಎಲ್ ಅನುಪಾತ ಹಳೆಯ, ಗೌರವಾನ್ವಿತ ಅಳತೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ ಇದನ್ನು ಬಳಕೆಗೆ ತಂದಿತು. ಬ್ರಿಟನ್ನಿನ ಕ್ಯೂರಿಸ್ಕ್ ಲೆಕ್ಕಾಚಾರದಲ್ಲಿ ಇಂದಿಗೂ ಇದೇ ಒಳಗೆ ಹೋಗುವುದು. ಮುಂದಿನ ಹತ್ತು ವರ್ಷಗಳಲ್ಲಿ ಹೃದಯಾಘಾತದ ಸಾಧ್ಯತೆ ಎಷ್ಟು ಎಂದು ವಯಸ್ಸು, ಬಿಪಿ, ಧೂಮಪಾನಗಳ ಜೊತೆ ಸೇರಿಸಿ ಲೆಕ್ಕ ಹಾಕಲು ಒಳ್ಳೆಯದು. ಒಂಟಿಯಾಗಿ ನೋಡಿದರೆ ಮೋಸ. ಎರಡನೆಯ ರಿಪೋರ್ಟಿನ 4.2 ನೋಡಿ: 5ರೊಳಗಿದೆ, ಲ್ಯಾಬಿನವರು ದಪ್ಪ ಅಕ್ಷರದಲ್ಲೂ ಮುದ್ರಿಸಿರುವುದಿಲ್ಲ. ಆದರೆ ಅವರ ಎಲ್‌ಡಿಎಲ್ 183. ಎಚ್‌ಡಿಎಲ್ 62 ಎಂಬ ಛೇದ ಅದನ್ನು ಮುಚ್ಚಿಹಾಕಿದೆ.

ಎಚ್‌ಡಿಎಲ್ ‘ಒಳ್ಳೆಯ ಕೊಲೆಸ್ಟೆರಾಲ್’, ಅದು ಹೆಚ್ಚಿದ್ದರೆ ಎಲ್‌ಡಿಎಲ್‌ನ ಕೇಡನ್ನು ತೊಳೆದುಬಿಡುತ್ತದೆ ಎಂಬ ನಂಬಿಕೆಯ ಮೇಲೆ ಈ ಅನುಪಾತಗಳೆಲ್ಲ ನಿಂತಿದ್ದವು. ಆ ನಂಬಿಕೆಗೆ ಪೆಟ್ಟು ಬಿದ್ದು ಬಹಳ ಕಾಲವಾಯಿತು. ಮೇಲೆ ಹೇಳಿದ ಸಿಇಟಿಪಿಯನ್ನು ತಡೆದು ಎಚ್‌ಡಿಎಲ್ ಏರಿಸುವ ಟಾರ್ಸೆಟ್ರಾಪಿಬ್ ಎಂಬ ಔಷಧದ ದೊಡ್ಡ ಪ್ರಯೋಗವನ್ನು 2006ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಎಚ್‌ಡಿಎಲ್ ಏರಿತ್ತು, ಸಾವುಗಳೂ ಏರಿದ್ದವು. ನಯಾಸಿನ್ (ವಿಟಮಿನ್ ಬಿ3) ಕೊಟ್ಟು ಎಚ್‌ಡಿಎಲ್ ಹೆಚ್ಚಿಸಿದ ಎರಡು ದೊಡ್ಡ ಪ್ರಯೋಗಗಳೂ (2011, 2014) ಹೃದಯಾಘಾತ ತಗ್ಗಿಸಲಿಲ್ಲ. 2012ರ ಆನುವಂಶಿಕ ಅಧ್ಯಯನವೊಂದರಲ್ಲಿ ಹುಟ್ಟಿನಿಂದ ಎಚ್‌ಡಿಎಲ್ ಹೆಚ್ಚಿಸುವ ರೂಪಾಂತರವಿದ್ದವರಿಗೂ ರಕ್ಷಣೆ ಸಿಕ್ಕಿರಲಿಲ್ಲ. ಕಡಿಮೆ ಎಚ್‌ಡಿಎಲ್ ಚಯಾಪಚಯ ಕೆಟ್ಟಿರುವುದಕ್ಕೆ ಒಳ್ಳೆಯ ಸಾಕ್ಷಿ. ಹೆಚ್ಚು ಎಚ್‌ಡಿಎಲ್ ಎಲ್‌ಡಿಎಲ್‌ಗೆ ಪರಿಹಾರವಲ್ಲ. ಟ್ರೈಗ್ಲಿಸರೈಡಿನ ಕೆಳಗೆ ಎಚ್‌ಡಿಎಲ್ ಇಡುವುದಕ್ಕೂ ಎಲ್‌ಡಿಎಲ್‌ನ ಕೆಳಗೆ ಇಡುವುದಕ್ಕೂ ಇರುವ ವ್ಯತ್ಯಾಸ ಇದೇ.

ಎಲ್‌ಡಿಎಲ್-ಎಚ್‌ಡಿಎಲ್ ಅನುಪಾತವಂತೂ ನನ್ನ ಮಟ್ಟಿಗೆ ಬಿಟ್ಟುಬಿಡಬಹುದಾದದ್ದು. ಟ್ರೈಗ್ಲಿಸರೈಡ್ ಏರಿದಷ್ಟೂ ಸೂತ್ರದಲ್ಲಿ ಕಳೆಯುವ ಭಾಗ ದೊಡ್ಡದಾಗಿ ಎಲ್‌ಡಿಎಲ್ ಚಿಕ್ಕದಾಗಿ ಕಾಣುತ್ತದೆ. ಮೇಲಿನ ಇಬ್ಬರಿಗೂ 3ರ ಆಸುಪಾಸಿನ ಉತ್ತರ ಕೊಟ್ಟು ಅದು ಕೈತೊಳೆದುಕೊಂಡಿರುವುದನ್ನು ನೋಡಿದಿರಲ್ಲ.

ಹೃದಯದ ಪ್ರಶ್ನೆಗೆ: ಕಳೆಯಿರಿ, ಇಲ್ಲವೇ ಎಣಿಸಿ

ಒಟ್ಟು ಕೊಲೆಸ್ಟೆರಾಲಿನಿಂದ ಎಚ್‌ಡಿಎಲ್ ಕಳೆದರೆ ನಾನ್-ಎಚ್‌ಡಿಎಲ್ ಸಿಗುತ್ತದೆ. ಇದು ಅನುಪಾತವೇ ಅಲ್ಲ, ಬರೀ ವ್ಯವಕಲನ. ಅಪಾಯಕಾರಿ ಕಣಗಳಲ್ಲಿರುವ ಕೊಲೆಸ್ಟೆರಾಲೆಲ್ಲ ಇದರಲ್ಲಿ ಬರುತ್ತದೆ, ಟ್ರೈಗ್ಲಿಸರೈಡ್ ಏರಿದ್ದರೂ ಲೆಕ್ಕ ಕೆಡುವುದಿಲ್ಲ, ಊಟ ಮಾಡಿ ರಕ್ತ ಕೊಟ್ಟರೂ ನಡೆಯುತ್ತದೆ, ಹೆಚ್ಚಿನ ಖರ್ಚಿಲ್ಲ. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರತಂದ ಮಾರ್ಗಸೂಚಿ ಅಪಾಯ ಕಡಿಮೆಯಿರುವವರಿಗೂ ಎಲ್‌ಡಿಎಲ್ 100ರೊಳಗೆ, ನಾನ್-ಎಚ್‌ಡಿಎಲ್ 130ರೊಳಗೆ ಇರಲಿ ಎನ್ನುತ್ತದೆ. ನಮ್ಮ ಇಬ್ಬರೂ, 154 ಮತ್ತು 200, ಈ ಗೆರೆ ದಾಟಿದವರೇ. ಎಲ್‌ಡಿಎಲ್ 112 ಎಂದು ಗೆರೆಯನ್ನು ತುಸುವೇ ದಾಟಿದಂತೆ ಕಂಡಿದ್ದ ಮೊದಲನೆಯವರೂ ಇಲ್ಲಿ ಸ್ಪಷ್ಟವಾಗಿ ಸಿಕ್ಕಿಬೀಳುತ್ತಾರೆ.

ಅಪೊಬಿ ಪರೀಕ್ಷೆ ಇನ್ನೊಂದು ಹೆಜ್ಜೆ ಮುಂದೆ. ಗೋದಾಮಿನಲ್ಲಿರುವ ಅಕ್ಕಿ ಎಷ್ಟು ಕ್ವಿಂಟಾಲ್ ಎಂದು ಕೇಳುವುದು ಬೇರೆ, ಮೂಟೆಗಳೆಷ್ಟು ಎಂದು ಎಣಿಸುವುದು ಬೇರೆ. ಎಲ್‌ಡಿಎಲ್ ಆಗಲಿ ವಿಎಲ್‌ಡಿಎಲ್ ಆಗಲಿ, ಒಂದೊಂದು ಕಣಕ್ಕೂ ಒಂದೇ ಒಂದು ಅಪೊಬಿ ಪ್ರೋಟೀನ್ ಇರುವುದರಿಂದ ಅದನ್ನು ಅಳೆದರೆ ಕಣಗಳನ್ನು ಎಣಿಸಿದಂತೆಯೇ. ಕಣಗಳು ಚಿಕ್ಕದಾಗಿ, ಸಂಖ್ಯೆಯಲ್ಲಿ ಹೆಚ್ಚಾಗಿರುವ ಇನ್ಸುಲಿನ್ ಪ್ರತಿರೋಧದವರಲ್ಲಿ ಎಲ್‌ಡಿಎಲ್ ಅಂಕಿ ಸಾಧಾರಣವಾಗಿ ಕಂಡರೂ ಅಪೊಬಿ ಗುಟ್ಟು ರಟ್ಟು ಮಾಡುತ್ತದೆ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಹೃದಯಾಘಾತಕ್ಕೆ ಅತಿ ಬಲವಾಗಿ ತಳುಕು ಹಾಕಿಕೊಂಡ ಅಂಶಗಳಲ್ಲಿ ಅಪೊಬಿ-ಅಪೊಎ1 ಅನುಪಾತ ಮೇಲಿತ್ತು. ಅದನ್ನು ಮುನ್ನಡೆಸಿದ ಸಲೀಂ ಯೂಸುಫ್ ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ಇಂದು ಅಪೊಬಿಯೊಂದನ್ನೇ ಅಳೆಸಿದರೂ ಸಾಕು. ಅಪೊಎ1 ಎಂಬುದು ಎಚ್‌ಡಿಎಲ್‌ನ ಪ್ರೋಟೀನ್, ಅದರ ಮಿತಿಯನ್ನು ಮೇಲೆಯೇ ನೋಡಿದೆವು. ಟ್ರೈಗ್ಲಿಸರೈಡ್ ಹೆಚ್ಚಿರುವವರು, ಸಕ್ಕರೆ ಕಾಯಿಲೆಯವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದವರಿರುವವರು ಈ ಹಣ ಖರ್ಚು ಮಾಡುವುದು ನ್ಯಾಯ. ಅದೇ ಸಲ ಎಲ್‌ಡಿಎಲ್‌ನಂಥದ್ದೇ ಇನ್ನೊಂದು ಕಣವಾದ ಲಿಪೊಪ್ರೋಟೀನ್-ಎ ಕೂಡ ಜೀವನದಲ್ಲಿ ಒಮ್ಮೆ ನೋಡಿಸಿಬಿಡಿ. ಬಹುಮಟ್ಟಿಗೆ ಹುಟ್ಟಿನೊಂದಿಗೇ ನಿರ್ಧಾರವಾಗುವ ಅದು ಮೇಲಿನ ಯಾವ ಅನುಪಾತದಲ್ಲೂ ಮುಖ ತೋರಿಸುವುದಿಲ್ಲ.

ಇಲ್ಲಿ ಸ್ವಲ್ಪ ಸಿಟ್ಟಿನಿಂದಲೇ ಒಂದು ಮಾತು ಹೇಳಬೇಕು. ‘ಟ್ರೈಗ್ಲಿಸರೈಡ್-ಎಚ್‌ಡಿಎಲ್ ಅನುಪಾತ 2ರೊಳಗಿದ್ದರೆ ಎಲ್‌ಡಿಎಲ್ ಎಷ್ಟಿದ್ದರೂ ಚಿಂತೆಯಿಲ್ಲ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿರುತ್ತದೆ. ಅನ್ನ, ಮುದ್ದೆ ಬಿಟ್ಟು ಬೆಣ್ಣೆ, ಮಾಂಸದ ಆಹಾರಕ್ಕೆ ಇಳಿದ ಕೆಲವರಲ್ಲಿ ಟ್ರೈಗ್ಲಿಸರೈಡ್ ಚೆನ್ನಾಗಿ ಇಳಿದು, ಎಚ್‌ಡಿಎಲ್ ಏರಿ, ಎಲ್‌ಡಿಎಲ್ 200 ದಾಟುವುದುಂಟು. ಅಂಥವರಿಗೆ ಈ ಸಂದೇಶ ಬಹಳ ಹಿತ. ಆದರೆ ಹುಟ್ಟಿನಿಂದಲೇ ಎಲ್‌ಡಿಎಲ್ ವಿಪರೀತವಿರುವ ಕುಟುಂಬಗಳಲ್ಲಿ ತೆಳ್ಳಗಿನ, ಸಕ್ಕರೆ ಸರಿಯಿರುವ, ಟ್ರೈಗ್ಲಿಸರೈಡ್ ನೂರರೊಳಗಿರುವ ಮೂವತ್ತು, ನಲವತ್ತರ ಗಂಡಸರಿಗೂ ಹೃದಯಾಘಾತವಾಗುತ್ತದೆ. ಅವರ ಈ ಅನುಪಾತ ಮಾದರಿ ಎನ್ನುವಂತೆಯೇ ಇರುತ್ತದೆ. ಎರಡನೆಯ ರಿಪೋರ್ಟಿನ ಮಹಿಳೆಗೆ 1.4 ಹೇಳುತ್ತಿರುವುದು ‘ಇನ್ಸುಲಿನ್ ತೊಂದರೆ ಕಾಣುತ್ತಿಲ್ಲ’ ಎಂಬಷ್ಟನ್ನೇ. ಅವರು ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು, ಮನೆತನದ ಇತಿಹಾಸ ಕೆದಕಬೇಕು, 183ಕ್ಕೆ ಚಿಕಿತ್ಸೆ ಬೇಕೇ ಎಂದು ವೈದ್ಯರ ಮುಂದೆ ಕೂರಬೇಕು. ಮೊದಲನೆಯವರ ಕೆಲಸ ಬೇರೆ: ಟೇಪು ತೆಗೆದು ಸೊಂಟ ಅಳೆಯುವುದು (ನಮ್ಮಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಗಡಿ), ಎಚ್‌ಬಿಎ1ಸಿ ಮಾಡಿಸುವುದು, ಯಕೃತ್ತಿನಲ್ಲಿ ಕೊಬ್ಬಿದೆಯೇ ನೋಡಿಸುವುದು, ಮದ್ಯ, ಸಿಹಿ, ತಟ್ಟೆ ತುಂಬುವ ಬಿಳಿ ಅನ್ನಕ್ಕೆ ಕಡಿವಾಣ ಹಾಕಿ ದಿನವೂ ನಡೆಯುವುದು. ಟ್ರೈಗ್ಲಿಸರೈಡ್ ಮಾತು ಕೇಳುವ ಅಂಕಿ. ಕೆಲವೇ ವಾರಗಳಲ್ಲಿ ಇಳಿಕೆ ಕಾಣುತ್ತದೆ.

ರಕ್ತ ಕೊಡುವ ಮುನ್ನ

ಎಲ್‌ಡಿಎಲ್ ದಿನದಿಂದ ದಿನಕ್ಕೆ ಅಷ್ಟು ಓಲಾಡುವುದಿಲ್ಲ, ಟ್ರೈಗ್ಲಿಸರೈಡ್ ಓಲಾಡುತ್ತದೆ. ಹಿಂದಿನ ರಾತ್ರಿ ಮದುವೆಯ ಆರತಕ್ಷತೆಯಲ್ಲಿ ಉಂಡು, ಬೆಳಗ್ಗೆ ಲ್ಯಾಬಿನ ಸಾಲಿನಲ್ಲಿ ನಿಂತರೆ ಬರುವ ಅಂಕಿ ನಿಮ್ಮ ದೇಹದ್ದಲ್ಲ, ಆ ಊಟದ್ದು. ಚಯಾಪಚಯದ ಅನುಪಾತ ನೋಡಬೇಕಿದ್ದರೆ ಹತ್ತು, ಹನ್ನೆರಡು ಗಂಟೆ ಖಾಲಿ ಹೊಟ್ಟೆ ಬೇಕು. ಹಾಲು, ಸಕ್ಕರೆ ಹಾಕಿದ ಕಾಫಿಯೂ ಊಟವೇ. ಎರಡು ಮೂರು ದಿನ ಮದ್ಯ ಬಿಟ್ಟಿರಿ. ಡೆಂಗಿಯೋ ವೈರಲ್ ಜ್ವರವೋ ಬಂದುಹೋಗಿದ್ದರೆ ಕೆಲವು ವಾರ ಕಾಯಿರಿ. ಸೋಂಕಿನಲ್ಲಿ ಎಚ್‌ಡಿಎಲ್ ಕುಸಿಯುತ್ತದೆ. ಗರ್ಭಿಣಿಯರಲ್ಲಿ ಟ್ರೈಗ್ಲಿಸರೈಡ್ ಸಹಜವಾಗಿಯೇ ಏರುತ್ತದೆ, ಆಗ ಈ ಲೆಕ್ಕಗಳ ಗೋಜಿಗೇ ಹೋಗಬಾರದು. ಸ್ಟೀರಾಯ್ಡ್, ಕೆಲವು ಬಿಪಿ ಮಾತ್ರೆಗಳು, ಈಸ್ಟ್ರೋಜೆನ್ ಇರುವ ಮಾತ್ರೆಗಳು ಕೂಡ ಟ್ರೈಗ್ಲಿಸರೈಡ್ ಏರಿಸಬಲ್ಲವು. ಟ್ರೈಗ್ಲಿಸರೈಡ್-ಎಚ್‌ಡಿಎಲ್ ಅನುಪಾತ ಮೊದಲ ಸಲ 3 ದಾಟಿದರೆ ಅದೇ ಲ್ಯಾಬಿನಲ್ಲಿ, ಅದೇ ಶಿಸ್ತಿನಲ್ಲಿ ಇನ್ನೊಮ್ಮೆ ಮಾಡಿಸಿ ಆಮೇಲೆ ಮಾತಾಡಿ.

ಔಷಧ ನಡೆಯುತ್ತಿದ್ದರೆ ಇನ್ನಷ್ಟು ಜಾಗ್ರತೆ. ಸ್ಟ್ಯಾಟಿನ್ ಎಲ್‌ಡಿಎಲನ್ನು ಅರ್ಧಕ್ಕೆ ಇಳಿಸಿದರೂ ಟ್ರೈಗ್ಲಿಸರೈಡ್-ಎಚ್‌ಡಿಎಲ್ ಅನುಪಾತ ಸ್ವಲ್ಪವೇ ಅಲುಗುತ್ತದೆ. ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದು ಅದನ್ನು ನಿಲ್ಲಿಸಬೇಡಿ, ಅದನ್ನು ಅಳೆಯಬೇಕಾದದ್ದು ನಾನ್-ಎಚ್‌ಡಿಎಲ್‌ನಿಂದ. ಟ್ರೈಗ್ಲಿಸರೈಡ್ ಇಳಿಸುವ ಫೈಬ್ರೇಟ್ ಗುಂಪಿನ ಮಾತ್ರೆಗಳದ್ದು ಇದಕ್ಕೆ ತದ್ವಿರುದ್ಧ: ಅನುಪಾತ ಅಂದವಾಗುತ್ತದೆ, ಒಳಗಿನದು ಹಾಗೇ ಇರಬಹುದು. ಹತ್ತು ಸಾವಿರಕ್ಕೂ ಹೆಚ್ಚು ಸಕ್ಕರೆ ಕಾಯಿಲೆಯವರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪೆಮಾಫೈಬ್ರೇಟ್ ಪ್ರಯೋಗದಲ್ಲಿ ಟ್ರೈಗ್ಲಿಸರೈಡ್ ಸುಮಾರು ಕಾಲು ಭಾಗ ಇಳಿಯಿತು, ಹೃದಯಾಘಾತ ಮತ್ತು ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಅಪೊಬಿ ತುಸು ಏರಿಯೇ ಇತ್ತು. ಫೈಬ್ರೇಟ್ ನುಂಗುತ್ತಿರುವವರು ತಮ್ಮ ಚಯಾಪಚಯವನ್ನು ಈ ಅನುಪಾತದಿಂದ ಅಳೆಯದೆ ಸೊಂಟ, ಬಿಪಿ ಮತ್ತು ಎಚ್‌ಬಿಎ1ಸಿಯಿಂದಲೇ ಅಳೆಯಬೇಕು.